ತಕ್ಕಡಿ ಯಾರ ಕೈಯಲ್ಲಿ? ಗ್ರಾಫಿಕ್ಸ್ ಕಾರ್ಡ್‌ಗಳ ವೇಗ ಅಳೆದವರ ಕಥೆ

ಆರ್‌ಟಿಎಕ್ಸ್ 5090 ಎಂಬ ಗ್ರಾಫಿಕ್ಸ್ ಕಾರ್ಡ್ 2025ರ ಜನವರಿಯಲ್ಲಿ ಬಿಡುಗಡೆಯಾದಾಗ ಭಾರತಕ್ಕೆ ಎನ್ವಿಡಿಯಾ ಕಂಪನಿ ಹೇಳಿದ ಆರಂಭಿಕ ಬೆಲೆ 2,14,000 ರೂಪಾಯಿ. ಆ ದುಡ್ಡಿಗೆ ಒಂದು ಒಳ್ಳೆಯ ಬೈಕ್ ಬರುತ್ತದೆ. ಆದರೆ ಬೈಕ್ ಕೊಳ್ಳುವವನು ಶೋರೂಮಿನಿಂದ ಒಂದು ಸುತ್ತು ಓಡಿಸಿ ನೋಡಬಹುದು, ಊರಲ್ಲಿ ಆಗಲೇ ಇಟ್ಟುಕೊಂಡವರನ್ನು ಮೈಲೇಜು ಎಷ್ಟು ಎಂದು ಕೇಳಬಹುದು. ಗ್ರಾಫಿಕ್ಸ್ ಕಾರ್ಡ್ ಕೊಳ್ಳುವವನಿಗೆ ಆ ಅನುಕೂಲ ಇಲ್ಲ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೂ ಸಿಗುವುದು ಸೀಲ್ ಆದ ಡಬ್ಬ. ಅವನ ಕೈಯಲ್ಲಿ ಇರುವುದು ಒಂದೇ: ಬೇರೆ ಯಾರೋ ಅಳೆದು ಹಾಕಿದ ಅಂಕಿಗಳು. ಈ ಕಾರ್ಡ್ ಸೆಕೆಂಡಿಗೆ 120 ಫ್ರೇಮ್ ಕೊಡುತ್ತದೆ, ಆ ಕಾರ್ಡ್ 95 ಕೊಡುತ್ತದೆ ಎಂಬ ಪಟ್ಟಿ.

ಆ ಅಂಕಿಗಳನ್ನು ಯಾರು ಅಳೆದರು, ಹೇಗೆ ಅಳೆದರು, ಅಳೆಯುವಾಗ ಯಾರು ಯಾರ ಕಣ್ಣಿಗೆ ಮಣ್ಣೆರಚಲು ನೋಡಿದರು ಎಂಬುದಕ್ಕೆ ಸುಮಾರು ಮೂವತ್ತು ವರ್ಷಗಳ ಇತಿಹಾಸವಿದೆ. ಕಾರ್ಡ್‌ಗಳ ಇತಿಹಾಸ ಬರೆದವರು ಬೇಕಾದಷ್ಟು ಜನ. ನಾವು ಇಲ್ಲಿ ಹೇಳಹೊರಟಿರುವುದು ತಕ್ಕಡಿಯ ಇತಿಹಾಸ. ಪತ್ರಿಕೋದ್ಯಮ ಓದಿದ ನಮಗೆ ಈ ಕಥೆ ಬರೀ ಕಂಪ್ಯೂಟರಿನ ಕಥೆಯಾಗಿ ಕಾಣುವುದಿಲ್ಲ. ಏಕೆ ಎಂಬುದು ಓದುತ್ತ ಹೋದಂತೆ ನಿಮಗೇ ತಿಳಿಯುತ್ತದೆ.

ಒಂದು ಆಟವೇ ಅಳತೆಗೋಲಾದದ್ದು

1996ರಲ್ಲಿ ಅಮೆರಿಕದಲ್ಲಿ ಎರಡು ಘಟನೆಗಳು ನಡೆದವು. ಐಡಿ ಸಾಫ್ಟ್‌ವೇರ್ ಎಂಬ ಕಂಪನಿ 'ಕ್ವೇಕ್' ಎಂಬ ಆಟ ಹೊರತಂದಿತು. ತ್ರೀಡಿಎಫ್‌ಎಕ್ಸ್ ಎಂಬ ಹೊಸ ಕಂಪನಿಯ 'ವೂಡೂ' ಚಿಪ್ ಇರುವ ಕಾರ್ಡ್‌ಗಳು ಅಂಗಡಿಗೆ ಬಂದವು. ವೂಡೂ ಬರೀ ಮೂರು ಆಯಾಮದ ಚಿತ್ರ ಬಿಡಿಸುತ್ತಿತ್ತು. ಮಾಮೂಲಿ ಕೆಲಸಕ್ಕೆ ಇನ್ನೊಂದು ಕಾರ್ಡ್ ಬೇಕೇ ಬೇಕಿತ್ತು. ಎರಡರ ನಡುವೆ ಒಂದು ಕೇಬಲ್ ಜೋಡಿಸಬೇಕಿತ್ತು. ಸ್ಮರಣೆ 4 ಎಂಬಿ, ಆಟ ಓಡುತ್ತಿದ್ದುದು ಸಾಮಾನ್ಯವಾಗಿ 640×480 ಚುಕ್ಕಿಗಳಲ್ಲಿ. ಇವತ್ತಿನ ಅಗ್ಗದ ಮೊಬೈಲಿಗೂ ನಗು ಬರುವ ಲೆಕ್ಕ. ಆದರೆ 1997ರ ಜನವರಿಯಲ್ಲಿ ಇಂಥ ಕಾರ್ಡ್‌ಗಳಿಗೆ ಹೊಂದುವ 'ಜಿಎಲ್ ಕ್ವೇಕ್' ಬಂದ ಮೇಲೆ ಆಟ ಆಡುವವರ ಲೋಕವೇ ಬದಲಾಯಿತು.

ಆ ಆಟದೊಳಗೆ 'ಟೈಮ್‌ಡೆಮೊ' ಎಂಬ ಒಂದು ಆಜ್ಞೆ ಇತ್ತು. ಮೊದಲೇ ಆಡಿ ದಾಖಲಿಸಿಟ್ಟ ಆಟವೊಂದನ್ನು ಕಂಪ್ಯೂಟರ್ ತನ್ನ ಕೈಲಾದಷ್ಟು ವೇಗವಾಗಿ ಮತ್ತೆ ಓಡಿಸಿ, ಕೊನೆಗೆ ಸೆಕೆಂಡಿಗೆ ಸರಾಸರಿ ಎಷ್ಟು ಫ್ರೇಮ್ ಬಿಡಿಸಿದೆ ಎಂದು ಹೇಳುತ್ತಿತ್ತು. ಎಲ್ಲರಿಗೂ ಅದೇ ಆಟ, ಅದೇ ದಾರಿ, ಅದೇ ಶತ್ರುಗಳು. ಹಾಗಾಗಿ ಬೇರೆ ಬೇರೆ ಊರಲ್ಲಿ ಕೂತವರೂ ತಮ್ಮ ಕಾರ್ಡ್‌ಗಳನ್ನು ಹೋಲಿಸಬಹುದಾಯಿತು. ಇದೇ ಹೊತ್ತಿಗೆ ಅಂತರ್ಜಾಲದಲ್ಲಿ ಪರೀಕ್ಷೆ ಮಾಡಿ ಬರೆಯುವವರು ಹುಟ್ಟಿಕೊಂಡರು. ಜರ್ಮನಿಯ ವೈದ್ಯ ಥಾಮಸ್ ಪಾಬ್ಸ್ಟ್ 1996ರಲ್ಲಿ 'ಟಾಮ್ಸ್ ಹಾರ್ಡ್‌ವೇರ್' ಶುರು ಮಾಡಿದರು. 1997ರಲ್ಲಿ ಆನಂದ್ ಲಾಲ್ ಶಿಂಪಿ ಎಂಬ ಹುಡುಗ 'ಆನಂದ್‌ಟೆಕ್' ಶುರು ಮಾಡಿದಾಗ ಅವನ ವಯಸ್ಸು 14. ದೊಡ್ಡ ಪತ್ರಿಕೆಗಳ ಹಂಗಿಲ್ಲದೆ, ಮನೆಯಲ್ಲಿ ಕೂತು ಅಳೆದು ಬರೆದವರು ಇವರು. ಮುಂದಿನ ಕಥೆಯಲ್ಲಿ ಮೋಸಗಳು ಬಯಲಾದದ್ದೆಲ್ಲ ಇಂಥವರಿಂದಲೇ.

ವೇಗವೋ, ಬಣ್ಣವೋ?

ಮೊದಲ ಜಗಳ ಹುಟ್ಟಿದ್ದು 1999ರಲ್ಲಿ. ತ್ರೀಡಿಎಫ್‌ಎಕ್ಸ್‌ನ 'ವೂಡೂ3' ಚಿತ್ರವನ್ನು 16 ಬಿಟ್ ಬಣ್ಣದಲ್ಲಿ ಮಾತ್ರ ಬಿಡಿಸುತ್ತಿತ್ತು. ಎನ್ವಿಡಿಯಾದ 'ಟಿಎನ್‌ಟಿ2' 32 ಬಿಟ್‌ನಲ್ಲೂ ಬಿಡಿಸುತ್ತಿತ್ತು. 32 ಬಿಟ್ ಎಂದರೆ ಹೆಚ್ಚು ಛಾಯೆ, ನುಣುಪಾದ ಆಕಾಶ, ಆದರೆ ಕೆಲಸ ಜಾಸ್ತಿ, ವೇಗ ಕಡಿಮೆ. ತ್ರೀಡಿಎಫ್‌ಎಕ್ಸ್ ಕಡೆಯವರು "ವೇಗ ನೋಡಿ" ಎಂದರು, ಎನ್ವಿಡಿಯಾ ಕಡೆಯವರು "ಬಣ್ಣ ನೋಡಿ" ಎಂದರು. ಇಬ್ಬರ ಮಾತಿನಲ್ಲೂ ನಿಜವಿತ್ತು. ಎರಡು ಕಾರ್ಡ್‌ಗಳು ಒಂದೇ ಗುಣಮಟ್ಟದ ಚಿತ್ರ ಬಿಡಿಸದಿದ್ದರೆ ವೇಗದ ಹೋಲಿಕೆಗೆ ಅರ್ಥವಿಲ್ಲ ಎಂಬ ಪಾಠ ಅಲ್ಲಿ ಮೊದಲ ಸಲ ಸಿಕ್ಕಿತು. ಈ ಪಾಠವನ್ನು ನೆನಪಿಡಿ, 2025ರಲ್ಲಿ ಮತ್ತೆ ಬೇಕಾಗುತ್ತದೆ.

ತ್ರೀಡಿಎಫ್‌ಎಕ್ಸ್ ಹೆಚ್ಚು ದಿನ ಬಾಳಲಿಲ್ಲ. ಎಸ್‌ಟಿಬಿ ಎಂಬ ಕಾರ್ಡ್ ತಯಾರಕರನ್ನು ಕೊಂಡು ತಾನೇ ಕಾರ್ಡ್ ಮಾಡಲು ಹೊರಟದ್ದರಿಂದ, ಅದುವರೆಗೆ ಅದರ ಚಿಪ್ ಕೊಳ್ಳುತ್ತಿದ್ದ ಬೇರೆ ತಯಾರಕರು ಎನ್ವಿಡಿಯಾ ಕಡೆ ವಾಲಿದರು. 1999ರ 'ಜಿಫೋರ್ಸ್ 256' ಬಂದಾಗ ಎನ್ವಿಡಿಯಾ ಅದನ್ನು 'ಜಿಪಿಯು' ಎಂದು ಕರೆದು ಪ್ರಚಾರ ಮಾಡಿತು. ಆ ಪದ ಇವತ್ತು ಶೇರು ಮಾರುಕಟ್ಟೆಯ ಸುದ್ದಿಯಲ್ಲೂ ಓಡಾಡುತ್ತಿದೆ. 2000ದ ಡಿಸೆಂಬರಿನಲ್ಲಿ ತ್ರೀಡಿಎಫ್‌ಎಕ್ಸ್‌ನ ಮುಖ್ಯ ಆಸ್ತಿಗಳನ್ನು ಎನ್ವಿಡಿಯಾವೇ ಕೊಳ್ಳುವ ಒಪ್ಪಂದವಾಯಿತು. ಕಣದಲ್ಲಿ ದೊಡ್ಡದಾಗಿ ಉಳಿದವರು ಇಬ್ಬರು: ಎನ್ವಿಡಿಯಾ ಮತ್ತು ಕೆನಡಾದ ಎಟಿಐ. 2006ರಲ್ಲಿ ಎಟಿಐಯನ್ನು ಎಎಂಡಿ ಕೊಂಡಿತು.

ಕ್ವೇಕ್ ಹೋಗಿ ಕ್ವಾಕ್ ಆದಾಗ

ಅಳತೆಗೋಲು ಯಾವುದು ಎಂದು ಎಲ್ಲರಿಗೂ ಮೊದಲೇ ಗೊತ್ತಿದ್ದರೆ ಏನಾಗುತ್ತದೆ? ಹಾಲಿನ ಡೈರಿಯ ವ್ಯವಹಾರ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫ್ಯಾಟ್ ನೋಡಲು ತೆಗೆಯುವ ಸ್ಯಾಂಪಲ್ ಬೇರೆ, ಕ್ಯಾನಿಗೆ ಸುರಿಯುವ ಹಾಲು ಬೇರೆ ಆಗಬಹುದು.

2001ರಲ್ಲಿ ಎಟಿಐಯ 'ರೇಡಿಯಾನ್ 8500' ಬಂದಾಗ ಎಲ್ಲರೂ ಪರೀಕ್ಷೆಗೆ ಬಳಸುತ್ತಿದ್ದುದು 'ಕ್ವೇಕ್ 3' ಆಟ. 'ಹಾರ್ಡ್‌ಒಸಿಪಿ' ಎಂಬ ತಾಣದವರು ಆ ವರ್ಷದ ಅಕ್ಟೋಬರಿನಲ್ಲಿ ಒಂದು ಸರಳ ಉಪಾಯ ಮಾಡಿದರು. ಆಟದ ಕಡತದಲ್ಲಿ 'ಕ್ವೇಕ್' ಎಂದು ಇರುವ ಕಡೆಯೆಲ್ಲ 'ಕ್ವಾಕ್' ಎಂದು ಬದಲಿಸಿದರು. ಆಟ ಅದೇ, ಕಾರ್ಡ್ ಅದೇ, ಹೆಸರಿನಲ್ಲಿ ಮಾತ್ರ ವ್ಯತ್ಯಾಸ. ಹೆಸರು ಬದಲಾದ ಕೂಡಲೇ ವೇಗ ಇಳಿಯಿತು, ಆದರೆ ಗೋಡೆ, ನೆಲದ ಚಿತ್ರಗಳು ಮೊದಲಿಗಿಂತ ಸ್ಪಷ್ಟವಾದವು. ಅಂದರೆ ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ 'ಕ್ವೇಕ್ 3' ಎಂಬ ಹೆಸರು ಕಂಡೊಡನೆ ಚಿತ್ರದ ಗುಣಮಟ್ಟ ಸದ್ದಿಲ್ಲದೆ ಇಳಿಸಿ ವೇಗ ಏರಿಸುತ್ತಿತ್ತು. ಇಂಗ್ಲಿಷಿನಲ್ಲಿ 'ಕ್ವಾಕ್' ಎಂದರೆ ಬಾತುಕೋಳಿಯ ಕೂಗು, ಜೊತೆಗೆ ನಕಲಿ ವೈದ್ಯ ಎಂಬ ಅರ್ಥವೂ ಇದೆ. ಹೆಸರು ಚೆನ್ನಾಗಿಯೇ ಕೂತಿತು.

ಮುಂದೆ ಎಟಿಐ ಹೊಸ ಡ್ರೈವರ್ ಕೊಟ್ಟಿತು. ಅದರಲ್ಲಿ ಚಿತ್ರವೂ ಸರಿಯಿತ್ತು, ವೇಗವೂ ಹೆಚ್ಚು ಇಳಿಯಲಿಲ್ಲ. ಸರಿಯಾದ ದಾರಿಯಲ್ಲೇ ಆ ವೇಗ ಸಾಧ್ಯವಿತ್ತು ಎಂದಾಯಿತು. ಆದರೂ ಅಡ್ಡದಾರಿಯ ಕಳಂಕ ಮಾತ್ರ ಆ ಕಾರ್ಡಿನ ಹೆಸರಿಗೆ ಅಂಟಿಕೊಂಡೇ ಇದೆ.

ಎರಡು ವರ್ಷಕ್ಕೆ ಸರದಿ ಎನ್ವಿಡಿಯಾದ್ದು. ಫಿನ್‌ಲ್ಯಾಂಡಿನ ಫ್ಯೂಚರ್‌ಮಾರ್ಕ್ ಎಂಬ ಕಂಪನಿ 'ತ್ರೀಡಿಮಾರ್ಕ್' ಎಂಬ ಪರೀಕ್ಷಾ ತಂತ್ರಾಂಶ ಮಾಡುತ್ತಿತ್ತು. ಆಟದ ಬದಲು ಆಟದಂಥ ದೃಶ್ಯಗಳನ್ನು ಓಡಿಸಿ ಒಂದೇ ಒಂದು ಅಂಕಿ ಕೊಡುತ್ತಿತ್ತು. ಪರೀಕ್ಷೆಯ ಅಂಕಪಟ್ಟಿಯಂತೆ ಆ ಒಂದು ಸಂಖ್ಯೆಯ ಮೇಲೆ ಕಾರ್ಡಿನ ಮಾನ ಮರ್ಯಾದೆ ನಿಂತಿರುತ್ತಿತ್ತು. 2003ರ ಫೆಬ್ರವರಿಯಲ್ಲಿ 'ತ್ರೀಡಿಮಾರ್ಕ್03' ಬಂತು. ಮೇ ತಿಂಗಳಲ್ಲಿ 'ಎಕ್ಸ್‌ಟ್ರೀಮ್‌ಟೆಕ್', 'ಬಿಯಾಂಡ್3ಡಿ' ತಾಣದವರು ಒಂದು ವಿಚಿತ್ರ ಗಮನಿಸಿದರು. ಈ ಪರೀಕ್ಷೆಯಲ್ಲಿ ಕ್ಯಾಮೆರಾ ಯಾವಾಗಲೂ ಒಂದೇ ದಾರಿಯಲ್ಲಿ ಸಾಗುತ್ತದೆ. ತಯಾರಕರಿಗೆ ಕೊಡುವ ವಿಶೇಷ ಆವೃತ್ತಿಯಲ್ಲಿ ಮಾತ್ರ ಕ್ಯಾಮೆರಾವನ್ನು ದಾರಿ ಬಿಟ್ಟು ಪಕ್ಕಕ್ಕೆ ತಿರುಗಿಸಬಹುದಿತ್ತು. ತಿರುಗಿಸಿ ನೋಡಿದರೆ ಜಿಫೋರ್ಸ್ ಎಫ್‌ಎಕ್ಸ್ ಕಾರ್ಡಿನಲ್ಲಿ ಆಕಾಶದ ಭಾಗಗಳೇ ಮಾಯ! ಕ್ಯಾಮೆರಾ ಎಲ್ಲಿ ನೋಡುವುದಿಲ್ಲ ಎಂದು ಮೊದಲೇ ಗೊತ್ತಿದ್ದ ಡ್ರೈವರ್, ಆ ಕಡೆ ಬಿಡಿಸುವ ಗೋಜಿಗೇ ಹೋಗಿರಲಿಲ್ಲ. ಸಚಿವರು ಬರುವ ದಾರಿಗೆ ಮಾತ್ರ ಡಾಂಬರು ಹಾಕಿದಂತೆ.

ಫ್ಯೂಚರ್‌ಮಾರ್ಕ್ ಈ ಡ್ರೈವರ್‌ಗಳಿಗೆ ಸುಳಿವು ಸಿಗದಂತೆ ಪರೀಕ್ಷೆಯನ್ನು ತಿದ್ದಿದಾಗ ಜಿಫೋರ್ಸ್ ಎಫ್‌ಎಕ್ಸ್ 5900 ಅಲ್ಟ್ರಾದ ಅಂಕ ಶೇ. 24.1ರಷ್ಟು ಕುಸಿಯಿತು. ಎಟಿಐ ಕಾರ್ಡಿನದೂ ಶೇ. 1.9ರಷ್ಟು ಇಳಿಯಿತು. ಆದರೆ ಜೂನ್ ತಿಂಗಳಲ್ಲಿ ಫ್ಯೂಚರ್‌ಮಾರ್ಕ್ ಮತ್ತು ಎನ್ವಿಡಿಯಾ ಜಂಟಿ ಹೇಳಿಕೆ ಕೊಟ್ಟವು. ಅದರಲ್ಲಿ 'ಮೋಸ' ಎಂಬ ಪದ ಮಾಯವಾಗಿ, 'ನಿರ್ದಿಷ್ಟ ತಂತ್ರಾಂಶಕ್ಕೆ ಮಾಡಿದ ಸುಧಾರಣೆ' ಎಂಬ ಮಾತು ಬಂದಿತ್ತು. ತಾಲ್ಲೂಕು ಕಚೇರಿಯ ಸ್ಪಷ್ಟೀಕರಣಗಳನ್ನು ಓದಿ ಅಭ್ಯಾಸವಿರುವ ನಮಗೆ ಈ ಭಾಷೆ ಹೊಸದೇನಲ್ಲ.

ಸರಾಸರಿ ಎಂಬ ಮಾಯೆ

ಇಷ್ಟೆಲ್ಲ ಆದ ಮೇಲೆ ಪರೀಕ್ಷಕರು ಜಾಗರೂಕರಾದರು. ಸಿದ್ಧ ಪರೀಕ್ಷೆ ಬಿಟ್ಟು ನಿಜವಾದ ಆಟಗಳನ್ನೇ ಆಡಿ ಅಳೆಯತೊಡಗಿದರು. ಆದರೂ ಒಂದು ದೂರು ಉಳಿದೇ ಇತ್ತು: "ಅಂಕಿ ನೋಡಿದರೆ 60 ಫ್ರೇಮ್ ಬರುತ್ತಿದೆ, ಆದರೆ ಆಡುವಾಗ ಆಟ ಜಗ್ಗಿ ಜಗ್ಗಿ ಓಡುತ್ತದೆ." ಒಂದರ ಬದಲು ಎರಡು ಕಾರ್ಡ್ ಜೋಡಿಸಿದವರಿಂದ ಈ ದೂರು ಇನ್ನೂ ಹೆಚ್ಚು.

2011ರ ಸೆಪ್ಟೆಂಬರಿನಲ್ಲಿ 'ಟೆಕ್ ರಿಪೋರ್ಟ್' ತಾಣದ ಸ್ಕಾಟ್ ವಾಸನ್ ಒಂದು ದೀರ್ಘ ಲೇಖನ ಬರೆದರು. ಒಂದು ಸೆಕೆಂಡಿನ ಒಳಗೆ ಏನಾಗುತ್ತಿದೆ ಎಂದು ನೋಡೋಣ ಎಂಬುದು ಅದರ ತಿರುಳು. ನಮ್ಮ ಮಾತಿನಲ್ಲಿ ಹೇಳುವುದಾದರೆ, ನಿಮ್ಮೂರಿಗೆ ಗಂಟೆಗೆ ಆರು ಬಸ್ಸು ಎಂದು ದಾಖಲೆಯಲ್ಲಿ ಇದೆ ಅನ್ನಿ. ಹತ್ತು ನಿಮಿಷಕ್ಕೊಂದು ಬಂದರೆ ಒಳ್ಳೆಯದೇ. ಆದರೆ ಐದು ಬಸ್ಸು ಒಂದರ ಹಿಂದೊಂದು ಬಂದು ಹೋಗಿ, ಆರನೆಯದಕ್ಕೆ ಐವತ್ತು ನಿಮಿಷ ಕಾದರೆ? ದಾಖಲೆಯಲ್ಲಿ ಆಗಲೂ ಗಂಟೆಗೆ ಆರೇ ಬಸ್ಸು. ಸೆಕೆಂಡಿಗೆ 60 ಫ್ರೇಮ್ ಎಂದರೆ ಪ್ರತಿ ಫ್ರೇಮ್‌ಗೂ ಸುಮಾರು 16.7 ಮಿಲಿಸೆಕೆಂಡ್ ಆಗಬೇಕು. ಕೆಲವು 8ರಲ್ಲಿ ಬಂದು, ಒಂದು 80 ತೆಗೆದುಕೊಂಡರೆ ಸರಾಸರಿಗೆ ಅದು ಕಾಣಿಸುವುದಿಲ್ಲ, ಕಣ್ಣಿಗೆ ಕಾಣಿಸುತ್ತದೆ.

ವಾಸನ್ ಪ್ರತಿ ಫ್ರೇಮಿನ ಕಾಲವನ್ನೂ ಬಿಡಿಬಿಡಿಯಾಗಿ ಅಳೆದು, ತೀರಾ ತಡವಾದವುಗಳ ಮೇಲೆ ಬೆಳಕು ಹಾಕಿದರು. 2013ರಲ್ಲಿ ಎನ್ವಿಡಿಯಾ ನೆರವಿನ ಇನ್ನೊಂದು ವಿಧಾನ ಬಂತು. ಪ್ರತಿ ಫ್ರೇಮ್‌ಗೂ ಅಂಚಿನಲ್ಲಿ ಒಂದೊಂದು ಬಣ್ಣದ ಪಟ್ಟಿ ಬಳಿದು, ಪರದೆಗೆ ನಿಜವಾಗಿ ಬಂದದ್ದನ್ನು ದಾಖಲಿಸಿ ಎಣಿಸುವುದು. ಎಎಂಡಿಯ ಎರಡು ಕಾರ್ಡಿನ ಜೋಡಿಯಲ್ಲಿ ಕೆಲವು ಫ್ರೇಮ್‌ಗಳು ಪರದೆಯ ಮೇಲೆ ನೂಲಿನೆಳೆಯಷ್ಟು ಮಾತ್ರ ಕಾಣಿಸಿಕೊಂಡು, ಲೆಕ್ಕಕ್ಕೆ ಮಾತ್ರ ಪೂರಾ ಫ್ರೇಮ್ ಆಗಿ ಸೇರುತ್ತಿದ್ದದ್ದು ಬಯಲಾಯಿತು. ಅದೇ ಆಗಸ್ಟಿನಲ್ಲಿ ಎಎಂಡಿ ಇದನ್ನು ಸರಿಪಡಿಸುವ ಡ್ರೈವರ್ ತಂದಿತು. ಪ್ರತಿಸ್ಪರ್ಧಿ ಕೊಟ್ಟ ಅಳತೆಗೋಲಾದರೂ ಅದು ಹೇಳಿದ್ದು ನಿಜವಾಗಿತ್ತು, ಲಾಭವಾದದ್ದು ಕೊಳ್ಳುವವರಿಗೆ. ಇವತ್ತು ವಿಮರ್ಶೆಗಳಲ್ಲಿ 'ಒಂದು ಪರ್ಸೆಂಟ್ ಲೋ' ಎಂದು ಕಾಣುವ ಅಂಕಿಯ ಹಿಂದೆ ಈ ಜಗಳವಿದೆ.

ಅಂಕಿ ಸರಿಯಿದ್ದು ವಿವರವೇ ತಪ್ಪಿರುವ ಉದಾಹರಣೆಯೂ ಇದೆ. 2014ರ ಸೆಪ್ಟೆಂಬರಿನಲ್ಲಿ 329 ಡಾಲರಿಗೆ ಬಂದ 'ಜಿಟಿಎಕ್ಸ್ 970' ಡಬ್ಬದ ಮೇಲೆ 4 ಜಿಬಿ ಸ್ಮರಣೆ ಎಂದಿತ್ತು. ಅದರಲ್ಲಿ 3.5 ಜಿಬಿ ಮಾತ್ರ ಪೂರ್ತಿ ವೇಗದ್ದು, ಉಳಿದ ಅರ್ಧ ಜಿಬಿ ತೀರಾ ನಿಧಾನದ್ದು ಎಂದು ಬಳಕೆದಾರರೇ ಪತ್ತೆ ಹಚ್ಚಿದರು. 2015ರ ಜನವರಿಯಲ್ಲಿ ಎನ್ವಿಡಿಯಾ, ಎಂಜಿನಿಯರಿಂಗ್ ಮತ್ತು ಪ್ರಚಾರ ವಿಭಾಗಗಳ ನಡುವೆ ಮಾಹಿತಿ ಸರಿಯಾಗಿ ಹೋಗಿರಲಿಲ್ಲ ಎಂದಿತು. ಅಮೆರಿಕದ ಕೋರ್ಟಿನಲ್ಲಿ ಹೂಡಿದ ದಾವೆ 2016ರಲ್ಲಿ ಕಾರ್ಡಿಗೆ 30 ಡಾಲರ್ ಪರಿಹಾರದ ರಾಜಿಯಲ್ಲಿ ಮುಗಿಯಿತು.

ಅಳೆಯುವವರ ಮೇಲೆ ಒತ್ತಡ

ಅಳತೆಗೋಲನ್ನು ಬಗ್ಗಿಸುವುದು ಕಷ್ಟವಾದಾಗ ಅಳೆಯುವವರ ಕಡೆ ಕಣ್ಣು ಬೀಳುತ್ತದೆ. ಹೊಸ ಕಾರ್ಡನ್ನು ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಕಂಪನಿಗಳೇ ಕಳಿಸುತ್ತವೆ. ಮೊದಲ ದಿನವೇ ವಿಮರ್ಶೆ ಬರದಿದ್ದರೆ ಓದುಗರು ಬೇರೆ ಕಡೆ ಹೋಗುತ್ತಾರೆ. ಹಾಗಾಗಿ ಕಾರ್ಡ್ ಕಳಿಸುವ ಕೈಗೆ ಬಲ ಇದ್ದೇ ಇದೆ.

2018ರಲ್ಲಿ ಬಂದ ಆರ್‌ಟಿಎಕ್ಸ್ 20 ಸರಣಿಯಿಂದ ಎನ್ವಿಡಿಯಾ 'ರೇ ಟ್ರೇಸಿಂಗ್' ಎಂಬ ವಿದ್ಯೆಗೆ ಒತ್ತು ಕೊಟ್ಟಿತು. ಬೆಳಕಿನ ಕಿರಣ ಎಲ್ಲಿ ಬಿದ್ದು ಎಲ್ಲಿ ಪ್ರತಿಫಲಿಸುತ್ತದೆ ಎಂದು ಲೆಕ್ಕ ಹಾಕಿ ಚಿತ್ರ ಬಿಡಿಸುವ ಕ್ರಮ ಅದು. ಆಸ್ಟ್ರೇಲಿಯಾದ 'ಹಾರ್ಡ್‌ವೇರ್ ಅನ್‌ಬಾಕ್ಸ್‌ಡ್' ಎಂಬ ವಿಡಿಯೊ ಚಾನೆಲ್‌ನವರು, ಹೆಚ್ಚಿನ ಆಟಗಳಲ್ಲಿ ಇದು ಇಲ್ಲವಲ್ಲ ಎಂದು ಹಳೆಯ ಕ್ರಮದ ವೇಗಕ್ಕೇ ಹೆಚ್ಚು ಜಾಗ ಕೊಡುತ್ತಿದ್ದರು. 2020ರ ಡಿಸೆಂಬರಿನಲ್ಲಿ ಎನ್ವಿಡಿಯಾದಿಂದ ಅವರಿಗೆ ಇಮೇಲ್ ಬಂತು: ನಿಮ್ಮ ಸಂಪಾದಕೀಯ ದೃಷ್ಟಿ ಬದಲಾಗುವವರೆಗೆ ನಮ್ಮ ಸ್ವಂತ ಕಾರ್ಡ್‌ಗಳನ್ನು ನಿಮಗೆ ಕಳಿಸುವುದಿಲ್ಲ ಎಂಬ ಅರ್ಥದ್ದು. ಅವರು ಅದನ್ನು ಬಹಿರಂಗ ಮಾಡಿದರು. ಪೈಪೋಟಿಯಲ್ಲಿದ್ದ ಬೇರೆ ವಿಮರ್ಶಕರೂ ಅವರ ಬೆನ್ನಿಗೆ ನಿಂತರು. ಕೆಲವೇ ದಿನಗಳಲ್ಲಿ ಕಂಪನಿ ಆ ನಿರ್ಧಾರವನ್ನು ಹಿಂದಕ್ಕೆ ತೆಗೆದುಕೊಂಡಿತು.

ಜಿಲ್ಲಾ ವರದಿಗಾರರಾದ ನಮಗೆ ಈ ಪ್ರಸಂಗ ಈ ಇಡೀ ಇತಿಹಾಸದ ಮುಖ್ಯ ಪುಟ. ಪತ್ರಿಕಾಗೋಷ್ಠಿಗೆ ಕರೆಯದಿರುವುದು, ಜಾಹೀರಾತು ನಿಲ್ಲಿಸುವುದು, ಪ್ರೆಸ್ ನೋಟ್ ಕಳಿಸದಿರುವುದು ಯಾವ ಭಾಷೆಯಲ್ಲಿ ಮಾತಾಡುತ್ತವೆ ಎಂದು ನಮಗೆ ಗೊತ್ತು. ಅಲ್ಲಿ ಆ ಚಾನೆಲ್ ಉಳಿದದ್ದು ಜೊತೆಗಾರರು ಸುಮ್ಮನಿರದ ಕಾರಣದಿಂದ. ಎಲ್ಲರ ಹಣೆಬರಹ ಹಾಗಿರುವುದಿಲ್ಲ. ಮೇಲೆ ಹೇಳಿದ ಆನಂದ್‌ಟೆಕ್ 27 ವರ್ಷ ನಡೆದು 2024ರ ಆಗಸ್ಟಿನಲ್ಲಿ ನಿಂತುಹೋಯಿತು. ಕ್ವಾಕ್ ಗುಟ್ಟು ಒಡೆದ ಹಾರ್ಡ್‌ಒಸಿಪಿ 2019ರಲ್ಲೇ ನಿಂತಿತ್ತು.

ಬಿಡಿಸದ ಚಿತ್ರದ ಲೆಕ್ಕ

ಈಗಿನ ಜಗಳಕ್ಕೆ ಬರೋಣ. 4ಕೆ ಪರದೆಯಲ್ಲಿ 3840×2160, ಅಂದರೆ ಸುಮಾರು 83 ಲಕ್ಷ ಚುಕ್ಕಿಗಳಿವೆ. ಎನ್ವಿಡಿಯಾದ 'ಡಿಎಲ್‌ಎಸ್‌ಎಸ್' ಎಂಬ ವಿಧಾನದಲ್ಲಿ ಕಾರ್ಡ್ ಕಡಿಮೆ ಚುಕ್ಕಿಗಳ ಚಿತ್ರ ಬಿಡಿಸುತ್ತದೆ, ಉಳಿದದ್ದನ್ನು ಕೃತಕ ಬುದ್ಧಿಮತ್ತೆ ಊಹಿಸಿ ತುಂಬುತ್ತದೆ. ಎಎಂಡಿಗೂ 2021ರಿಂದ 'ಎಫ್‌ಎಸ್‌ಆರ್' ಎಂಬ ಅದರದೇ ವಿಧಾನವಿದೆ. 2022ರ ಅಕ್ಟೋಬರಿನಲ್ಲಿ ಆರ್‌ಟಿಎಕ್ಸ್ 4090 ಜೊತೆ ಇನ್ನೊಂದು ಹೆಜ್ಜೆ ಬಂತು: ಎರಡು ನಿಜವಾದ ಫ್ರೇಮ್‌ಗಳ ನಡುವೆ ಒಂದು ಇಡೀ ಫ್ರೇಮನ್ನೇ ಸೃಷ್ಟಿಸಿ ಸೇರಿಸುವುದು. 50 ಸರಣಿಯಲ್ಲಿ ಆ ನಡುವಿನ ಫ್ರೇಮ್‌ಗಳು ಮೂರರವರೆಗೆ ಏರಿದವು. ಡಿಎಲ್‌ಎಸ್‌ಎಸ್‌ನಲ್ಲಿ ಕಾಲು ಭಾಗದಷ್ಟು ಚುಕ್ಕಿ, ಜೊತೆಗೆ ನಾಲ್ಕರಲ್ಲಿ ಒಂದು ಫ್ರೇಮ್ ಎಂದರೆ, ಪರದೆಯ 16 ಚುಕ್ಕಿಗಳಲ್ಲಿ 15 ಊಹಿಸಿ ತುಂಬಿದವು.

2025ರ ಜನವರಿಯಲ್ಲಿ ಲಾಸ್ ವೇಗಸ್‌ನ ವೇದಿಕೆಯಲ್ಲಿ ಎನ್ವಿಡಿಯಾ ಮುಖ್ಯಸ್ಥ ಜೆನ್ಸನ್ ಹುವಾಂಗ್, 549 ಡಾಲರಿನ ಆರ್‌ಟಿಎಕ್ಸ್ 5070 ಹಿಂದಿನ 1,599 ಡಾಲರಿನ 4090ರಷ್ಟೇ ಸಾಮರ್ಥ್ಯ ಕೊಡುತ್ತದೆ ಎಂದರು. ಮಾರ್ಚ್‌ನಲ್ಲಿ ವಿಮರ್ಶಕರು ಕೃತಕ ಫ್ರೇಮ್ ಬದಿಗಿಟ್ಟು ಅಳೆದಾಗ 5070 ಬಹಳ ಹಿಂದೆ ಉಳಿಯಿತು. ಅದರ ಸ್ಮರಣೆ 12 ಜಿಬಿ, 4090ರದು 24. ಲೆಕ್ಕ ಮಾಡುವ ಕೋರ್‌ಗಳು ಅದರಲ್ಲಿ 6,144, ಇದರಲ್ಲಿ 16,384.

ಹಾಗೆಂದು ಈ ತಂತ್ರವೆಲ್ಲ ಮೋಸ ಎನ್ನಲಾಗದು. ಚಿತ್ರ ನಿಜಕ್ಕೂ ನುಣುಪಾಗಿ ಕಾಣುತ್ತದೆ, ಎಷ್ಟೋ ಜನ ಸಂತೋಷದಿಂದ ಬಳಸುತ್ತಾರೆ, ಕ್ವಾಕ್ ಪ್ರಕರಣದಂತೆ ಇಲ್ಲಿ ಮುಚ್ಚಿಟ್ಟದ್ದೂ ಇಲ್ಲ. ಆದರೆ ಗುಂಡಿ ಒತ್ತಿದ ಕೂಡಲೇ ಆಟ ಸ್ಪಂದಿಸಬೇಕಾದರೆ ನಿಜವಾದ ಫ್ರೇಮ್ ಬೇಕು. ನಡುವೆ ಸೇರಿಸಿದ ಫ್ರೇಮ್‌ಗೆ ನಿಮ್ಮ ಬೆರಳು ಏನು ಮಾಡಿತು ಎಂಬುದು ಗೊತ್ತಿರುವುದಿಲ್ಲ. ಅಂಕಿ ನಾಲ್ಕು ಪಟ್ಟು ಏರಿದರೂ ಸ್ಪಂದನೆ ನಾಲ್ಕು ಪಟ್ಟು ಚುರುಕಾಗುವುದಿಲ್ಲ. 1999ರ ಪಾಠ ಇಲ್ಲೇ ಬೇಕಾಗುವುದು: ಎರಡೂ ಕಡೆ ಅಳೆಯುತ್ತಿರುವುದು ಒಂದೇ ವಸ್ತುವನ್ನೇ?

ನಮ್ಮ ಕಡೆಯವರು ಕೇಳಬೇಕಾದ್ದು

ಈ ಕಾರ್ಡ್‌ಗಳ ಹಿಂದೆ ನಮ್ಮ ರಾಜ್ಯದ ಕೆಲಸವೂ ಇದೆ. ಎನ್ವಿಡಿಯಾ, ಎಎಂಡಿ ಎರಡಕ್ಕೂ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿವೆ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ಅಲ್ಲೇ ತೆರೆಯಿತು. ಆದರೆ ವಿಮರ್ಶೆಗಳು ಬಹುಪಾಲು ಅಮೆರಿಕ, ಯುರೋಪು, ಆಸ್ಟ್ರೇಲಿಯಾದ ಮೇಜಿನ ಮೇಲೆ ನಡೆಯುತ್ತವೆ. ಅಲ್ಲಿನ ಡಾಲರ್ ಬೆಲೆಗೆ 'ಕೊಟ್ಟ ದುಡ್ಡಿಗೆ ಮೋಸವಿಲ್ಲ' ಅನ್ನಿಸಿದ ಕಾರ್ಡ್, ಇಲ್ಲಿನ ರೂಪಾಯಿ ಬೆಲೆಗೆ ಹಾಗಿರಬೇಕಿಲ್ಲ. 2020ರಲ್ಲಿ 699 ಡಾಲರ್ ಎಂದು ಸಾರಿದ ಆರ್‌ಟಿಎಕ್ಸ್ 3080, ಕ್ರಿಪ್ಟೊ ಗಣಿಗಾರಿಕೆಯ ಭರಾಟೆಯಲ್ಲಿ ಆ ಬೆಲೆಗೆ ಅಮೆರಿಕದಲ್ಲೇ ಸಿಗದೆ ಹೋದದ್ದೂ ನೆನಪಿರಲಿ.

ಕರೆಂಟಿನ ಮಾತು ಬೇರೆ. 2017ರ ದೊಡ್ಡ ಕಾರ್ಡ್ ಜಿಟಿಎಕ್ಸ್ 1080 ಟಿಐ 250 ವ್ಯಾಟ್‌ನದು, 4090 450 ವ್ಯಾಟ್, 5090 575 ವ್ಯಾಟ್. ಈ ಕೊನೆಯದು ಮುಕ್ಕಾಲು ಎಚ್‌ಪಿ ಮೋಟಾರಿಗೆ ಸಮ. ಊರಿನ ಅಂಗಡಿಗಳಲ್ಲಿ ಸಿಗುವ 600 ವಿಎ ಯುಪಿಎಸ್ ಆ ಕಾರ್ಡೊಂದನ್ನೇ ಹೊರುವುದಿಲ್ಲ, ಇಡೀ ಕಂಪ್ಯೂಟರ್ ದೂರದ ಮಾತು. ಹೋಲಿಕೆಯ ಪಟ್ಟಿಗಳಲ್ಲಿ ಇದಕ್ಕೊಂದು ಕಾಲಂ ಇರುವುದಿಲ್ಲ. ಅದನ್ನು ನಾವೇ ಹಾಕಿಕೊಳ್ಳಬೇಕು.

ಆದ್ದರಿಂದ ಮುಂದಿನ ಸಲ ಯಾವುದಾದರೂ ಅಂಕಿ ಎದುರಾದಾಗ ಕೇಳಿ. ಅಳೆದವರು ಯಾರು, ಕಾರ್ಡ್ ಕೊಟ್ಟವರು ಯಾರು? ಎರಡೂ ಕಾರ್ಡ್ ಒಂದೇ ಗುಣಮಟ್ಟದ ಚಿತ್ರ ಬಿಡಿಸಿದವೇ? ಬರೀ ಸರಾಸರಿಯೋ, ನಿಧಾನದ ಫ್ರೇಮ್‌ಗಳ ಲೆಕ್ಕವೂ ಇದೆಯೋ? ಸೇರಿಸಿದ ಫ್ರೇಮ್‌ಗಳನ್ನು ಎಣಿಸಿದ್ದಾರೆಯೇ? ಒಬ್ಬರ ಅಂಕಿಯನ್ನು ಇನ್ನಿಬ್ಬರ ಅಂಕಿಯೊಂದಿಗೆ ತಾಳೆ ನೋಡಿದಿರಾ?

ಈ ಮೂವತ್ತು ವರ್ಷಗಳಲ್ಲಿ ಯಾವ ಕಂಪನಿಯೂ ತಾನಾಗಿ ಬಂದು ತಕ್ಕಡಿಯ ಕೆಳಗೆ ಅಂಟಿಸಿದ ಹುಣಸೆಹಣ್ಣು ತೋರಿಸಿದ್ದಿಲ್ಲ. ಪ್ರತಿ ಸಲವೂ ಯಾರೋ ಒಬ್ಬರು ಕಡತದ ಹೆಸರು ಬದಲಿಸಿ, ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸಿ, ಒಂದು ಸೆಕೆಂಡನ್ನು ಸಾವಿರ ಭಾಗ ಮಾಡಿ ನೋಡಬೇಕಾಯಿತು. ಎರಡು ಲಕ್ಷ ಎಣಿಸಿ ಕೊಡುವವರು ಕಾರ್ಡಿನ ಹೆಸರಿನ ಜೊತೆಗೆ ಅಂಥವರ ಹೆಸರನ್ನೂ ತಿಳಿದುಕೊಂಡಿರುವುದು ಒಳ್ಳೆಯದು.